ಕಡಿಮೆ ಕ್ಯಾಲರಿಯ ಊಟಕ್ರಮಗಳು: ತೂಕ ಇಳಿಸಲು ಹೊರಡುವ ಮುನ್ನ ತಿಳಿದಿರಬೇಕಾದದ್ದು

ತೂಕ ಇಳಿಸುವ ಚುಚ್ಚುಮದ್ದುಗಳು ನಮ್ಮ ಔಷಧ ಅಂಗಡಿಗಳಿಗೆ ಬಂದಾಗಿನಿಂದ ಬೊಜ್ಜಿನ ಮಾತು ಮನೆಮನೆಯಲ್ಲೂ ಕೇಳುತ್ತಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಭಾರತದಲ್ಲಿ ಬಿಡುಗಡೆಯಾದವು. ಬೆಲೆ ಕೇಳಿ ಹಿಂದೆ ಸರಿದವರು, ಸೂಜಿಯೇ ಬೇಡ ಎಂದವರು ಮೊದಲು ಊಟ ಕಡಿಮೆ ಮಾಡಿ ನೋಡೋಣ ಎನ್ನುತ್ತಾರೆ. ಚುಚ್ಚುಮದ್ದು ತೆಗೆದುಕೊಳ್ಳುವವರಿಗೂ ಊಟದ ಲೆಕ್ಕದಿಂದ ಬಿಡುಗಡೆಯಿಲ್ಲ. ಕಡಿಮೆ ಕ್ಯಾಲರಿಯ ಆಹಾರ ಮತ್ತು ವ್ಯಾಯಾಮದ ಜೊತೆಗೇ ಬಳಸಬೇಕು ಎಂದು ಆ ಔಷಧಗಳ ಮಾಹಿತಿಪತ್ರದಲ್ಲೇ ಇರುತ್ತದೆ.

ಹಾಗೆ ಹೊರಟವರ ಮೊಬೈಲಿಗೆ ಮೊದಲ ದಿನವೇ ಹತ್ತಾರು ಸಲಹೆಗಳು ಬಂದು ಬೀಳುತ್ತವೆ. 1,200 ಕ್ಯಾಲರಿಯ ಚಾರ್ಟು, ಕೀಟೊ, ಹದಿನಾರು ಗಂಟೆಯ ಉಪವಾಸ, ಊಟದ ಬದಲು ಶೇಕ್. ಪ್ರತಿಯೊಂದರ ಪಕ್ಕದಲ್ಲೂ ಅದರಿಂದಲೇ ಸಣ್ಣಗಾದ ಯಾರದೋ ಫೋಟೊ. ಇವುಗಳ ನಡುವೆ ನಿಜವಾದ ವ್ಯತ್ಯಾಸ ಎಲ್ಲಿದೆ, ಎಲ್ಲಿ ಇಲ್ಲ ಎಂದು ತಿಳಿದರೆ ಅರ್ಧ ಗೊಂದಲ ಕಳೆಯುತ್ತದೆ.

ಇದು ಬೆರಳೆಣಿಕೆಯ ಜನರ ಚಿಂತೆಯೂ ಅಲ್ಲ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ (2019–21) ಪ್ರಕಾರ ಕರ್ನಾಟಕದ ವಯಸ್ಕರಲ್ಲಿ, ಹೆಂಗಸರಿರಲಿ ಗಂಡಸರಿರಲಿ, ನೂರಕ್ಕೆ ಸುಮಾರು 30 ಮಂದಿಯ ಬಿಎಂಐ 25 ಅಥವಾ ಅದಕ್ಕಿಂತ ಹೆಚ್ಚು. ಬಿಎಂಐ ಎಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಬಾರಿ ಭಾಗಿಸಿದಾಗ ಸಿಗುವ ಸಂಖ್ಯೆ. ಭಾರತೀಯರಲ್ಲಿ ಕೊಬ್ಬು ಹೊಟ್ಟೆಯ ಸುತ್ತಲೇ ಶೇಖರವಾಗುವ ಪ್ರವೃತ್ತಿ ಹೆಚ್ಚಾದ್ದರಿಂದ ನಮ್ಮ ವೈದ್ಯರು 23ರಿಂದಲೇ ಅಧಿಕ ತೂಕ, 25ರಿಂದ ಬೊಜ್ಜು ಎಂದು ಪರಿಗಣಿಸುತ್ತಾರೆ. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಿದರೆ ಅದೂ ಎಚ್ಚರಿಕೆಯ ಗುರುತು.

ಕ್ಯಾಲರಿ ಎಂಬ ಲೆಕ್ಕ

ಒಂದು ಲೀಟರ್ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಸೆಲ್ಸಿಯಸ್ ಏರಿಸಲು ಬೇಕಾಗುವ ಶಾಖವೇ ಆಹಾರದ ಪೊಟ್ಟಣಗಳ ಮೇಲೆ ನಾವು ಓದುವ ಒಂದು ಕ್ಯಾಲರಿ. ವಿಜ್ಞಾನದ ಪುಸ್ತಕಗಳಲ್ಲಿ ಇದನ್ನೇ ಕಿಲೋಕ್ಯಾಲರಿ ಎನ್ನುತ್ತಾರೆ. ಅಕ್ಕಿ, ರಾಗಿ, ಸಕ್ಕರೆಯಲ್ಲಿರುವ ಶರ್ಕರಪಿಷ್ಟ ಗ್ರಾಂಗೆ 4 ಕ್ಯಾಲರಿ ಕೊಡುತ್ತದೆ. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನ್ ಕೂಡ 4. ಎಣ್ಣೆ, ತುಪ್ಪ, ಬೆಣ್ಣೆಯ ಕೊಬ್ಬು 9, ಮದ್ಯಸಾರ 7.

ಸುಮ್ಮನೆ ಮಲಗಿದ್ದರೂ ಹೃದಯ ಬಡಿಯಬೇಕು, ಉಸಿರಾಡಬೇಕು, ಮೈ ಬೆಚ್ಚಗಿರಬೇಕು. ಇದಕ್ಕೆ ತಗಲುವ ಶಕ್ತಿಯನ್ನು ಮೂಲ ಚಯಾಪಚಯ ದರ ಎನ್ನುತ್ತಾರೆ. ಇದನ್ನು ಅಂದಾಜು ಮಾಡಲು ವೈದ್ಯರು ಹೆಚ್ಚಾಗಿ ಬಳಸುವುದು 1990ರಲ್ಲಿ ಪ್ರಕಟವಾದ ಮಿಫ್ಲಿನ್–ಸೇಂಟ್ ಜಿಯೊರ್ ಸೂತ್ರ. ತೂಕವನ್ನು 10ರಿಂದ, ಸೆಂಟಿಮೀಟರ್ ಎತ್ತರವನ್ನು 6.25ರಿಂದ ಗುಣಿಸಿ ಕೂಡಬೇಕು. ವಯಸ್ಸನ್ನು 5ರಿಂದ ಗುಣಿಸಿ ಅದರಿಂದ ಕಳೆಯಬೇಕು. ಬಂದ ಮೊತ್ತಕ್ಕೆ ಗಂಡಸರಾದರೆ 5 ಸೇರಿಸಬೇಕು, ಹೆಂಗಸರಾದರೆ 161 ಕಳೆಯಬೇಕು.

ಲೆಕ್ಕವನ್ನು ಇಬ್ಬರಿಗೆ ಹಾಕಿ ನೋಡೋಣ. 42 ವರ್ಷದ, 155 ಸೆಂಟಿಮೀಟರ್ ಎತ್ತರದ, 72 ಕಿಲೋ ತೂಕದ ಹೆಂಗಸು ಎಂದುಕೊಳ್ಳಿ. ಸೂತ್ರ ಕೊಡುವ ಉತ್ತರ ಸುಮಾರು 1,318. ಮನೆಗೆಲಸ, ಕಚೇರಿಯ ಓಡಾಟ ಸೇರಿಸಿದರೆ ದಿನದ ಖರ್ಚು 1,700ರ ಆಸುಪಾಸು. ಇನ್ನೊಬ್ಬರು 32 ವರ್ಷದ, 178 ಸೆಂಟಿಮೀಟರ್ ಎತ್ತರದ, 95 ಕಿಲೋ ತೂಕದ ಗಂಡಸು. ಅವರಿಗೆ ಸೂತ್ರದ ಉತ್ತರ 1,907. ಅಷ್ಟೇ ಓಡಾಟ ಸೇರಿಸಿದರೆ ದಿನದ ಖರ್ಚು ಸುಮಾರು 2,480.

ಈಗ ಆ ಪ್ರಸಿದ್ಧ 1,200 ಕ್ಯಾಲರಿಯ ಚಾರ್ಟನ್ನು ಇಬ್ಬರ ಕೈಗೂ ಕೊಡಿ. ಆ ಹೆಂಗಸಿಗೆ ಅದು ದಿನಕ್ಕೆ 500 ಕ್ಯಾಲರಿಯ ಕಡಿತ, ಅಂದರೆ ಮಧ್ಯಮ ಮಟ್ಟದ್ದು. ಆ ಗಂಡಸಿಗೆ ಅದೇ ಚಾರ್ಟು ಅರ್ಧಕ್ಕಿಂತ ಹೆಚ್ಚು ಊಟವನ್ನು ಕಿತ್ತುಕೊಳ್ಳುತ್ತದೆ. ಅವರು ಎರಡನೇ ವಾರದಲ್ಲಿ ಸೋತು ಕೈಬಿಟ್ಟರೆ ಅದನ್ನು ಮನೋಬಲದ ಕೊರತೆ ಎನ್ನಲಾಗದು. ಎಲ್ಲರಿಗೂ ಒಂದೇ ಸಂಖ್ಯೆ ಬರೆದುಕೊಡುವ ಚಾರ್ಟುಗಳನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ. ಸೂತ್ರ ಕೂಡ ಅಂದಾಜು ಮಾತ್ರ. ಅದು ಸಿದ್ಧವಾದದ್ದು ಅಮೆರಿಕದವರ ಅಳತೆಗಳಿಂದ. ಒಂದೇ ತೂಕ, ಎತ್ತರದ ಇಬ್ಬರಲ್ಲೂ ನಿಜವಾದ ಖರ್ಚು ನೂರಿನ್ನೂರು ಕ್ಯಾಲರಿ ಅತ್ತಿತ್ತ ಇರಬಹುದು.

ಮೊದಲ ವಾರ ತಕ್ಕಡಿ ಹೇಳುವುದು ಪೂರ್ತಿ ನಿಜವಲ್ಲ

ಯಾವ ಊಟಕ್ರಮವನ್ನೇ ಹಿಡಿಯಲಿ, ಮೊದಲ ವಾರದಲ್ಲಿ ಎರಡು ಕಿಲೋ ಇಳಿಯುವುದು ಸಾಮಾನ್ಯ. ಮುಂದಿನ ವಾರ ಮುನ್ನೂರು ಗ್ರಾಂ ಇಳಿದಾಗ ಬೇಸರ ಬರುವುದೂ ಅಷ್ಟೇ ಸಾಮಾನ್ಯ. ದೇಹ ಶಕ್ತಿಯನ್ನು ಎರಡು ಕಡೆ ಕೂಡಿಡುತ್ತದೆ ಎಂಬುದು ತಿಳಿದಿದ್ದರೆ ಇದರಲ್ಲಿ ಆಶ್ಚರ್ಯವಿಲ್ಲ. ಗ್ಲೈಕೋಜನ್ ಎಂಬುದು ಒಲೆಯ ಪಕ್ಕದ ಅಕ್ಕಿ ಡಬ್ಬಿ. ಯಕೃತ್ತು ಮತ್ತು ಸ್ನಾಯುಗಳಲ್ಲಿ ಅರ್ಧ ಕಿಲೋದಷ್ಟು ಇರುತ್ತದೆ, ಕೈಹಾಕಿದರೆ ಸಿಗುತ್ತದೆ, ಒಂದೆರಡು ದಿನದಲ್ಲಿ ತಳ ಕಾಣುತ್ತದೆ. ಕೊಬ್ಬು ಹಿತ್ತಿಲ ಕಣಜ. ಅದರ ಬಾಗಿಲು ಸದಾ ಒಂದಿಷ್ಟು ತೆರೆದೇ ಇದ್ದರೂ, ಡಬ್ಬಿ ಬರಿದಾದಂತೆ ಅಲ್ಲಿಂದ ತರುವುದು ಹೆಚ್ಚುತ್ತದೆ.

ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರನ್ನು ಹಿಡಿದಿಟ್ಟಿರುತ್ತದೆ. ಅದು ಕರಗಿದಾಗ ಆ ನೀರೂ ಹೊರಹೋಗುತ್ತದೆ. ಮೊದಲ ವಾರದ ಇಳಿಕೆಯಲ್ಲಿ ಬಹುಪಾಲು ಈ ನೀರೇ. ಅನ್ನ, ರೊಟ್ಟಿಯನ್ನು ಪೂರ್ತಿ ಬಿಡುವ ಕೀಟೊ ಮಾದರಿಯಲ್ಲಿ ಗ್ಲೈಕೋಜನ್ ಹೆಚ್ಚು ಬೇಗ ಖಾಲಿಯಾಗುವುದರಿಂದ ಆರಂಭದ ಇಳಿಕೆ ಇನ್ನೂ ದೊಡ್ಡದಾಗಿ ಕಾಣುತ್ತದೆ. ಮದುವೆಮನೆಯಲ್ಲಿ ಒಂದು ಹೊತ್ತು ಹೋಳಿಗೆ ಊಟ ಮಾಡಿದ ಮರುದಿನ ಒಂದು ಕಿಲೋ ಏರುವುದಕ್ಕೂ ಇದೇ ಕಾರಣ.

ಕೊಬ್ಬಿನ ಲೆಕ್ಕ ನಿಧಾನದ್ದು. ದೇಹದ ಒಂದು ಕಿಲೋ ಕೊಬ್ಬಿನ ಅಂಗಾಂಶದಲ್ಲಿ ಸುಮಾರು 7,700 ಕ್ಯಾಲರಿ ಇರುತ್ತದೆ. ದಿನಕ್ಕೆ 500ರಂತೆ ಕಡಿತ ಮಾಡಿದರೆ ವಾರಕ್ಕೆ 3,500, ಅಂದರೆ ಅರ್ಧ ಕಿಲೋಗೂ ಸ್ವಲ್ಪ ಕಡಿಮೆ. ಈ ವೇಗವೂ ಹಾಗೇ ಉಳಿಯುವುದಿಲ್ಲ. ತೂಕ ಇಳಿದ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಡ. ಅದರ ಮೇಲೆ, ಊಟ ಕಡಿಮೆಯಾಗಿದೆ ಎಂದು ತಿಳಿದ ದೇಹ ಖರ್ಚನ್ನು ತಾನಾಗಿಯೇ ಇನ್ನಷ್ಟು ಬಿಗಿಹಿಡಿಯುತ್ತದೆ. ವರ್ಷಕ್ಕೆ 24 ಕಿಲೋ ಇಳಿಯುತ್ತದೆ ಎಂದು ಕ್ಯಾಲ್ಕುಲೇಟರಿನಲ್ಲಿ ಗುಣಿಸಿದವರ ಲೆಕ್ಕ ತಪ್ಪುವುದು ಇಲ್ಲಿ.

ಎಷ್ಟು ಕಡಿತ: ನಿಧಾನವೋ, ವೇಗವೋ

ಕಡಿತದ ಪ್ರಮಾಣದ ಮೇಲೆ ಊಟಕ್ರಮಗಳಲ್ಲಿ ಮೂರು ಮಟ್ಟಗಳಿವೆ. ದಿನದ ಅಗತ್ಯಕ್ಕಿಂತ 500 ಕ್ಯಾಲರಿಯಷ್ಟು ಕಡಿಮೆ ತಿನ್ನುವುದು ಮಧ್ಯಮ ಕಡಿತ. ಹೆಂಗಸರಿಗೆ ಇದು ಸಾಮಾನ್ಯವಾಗಿ 1,200ರಿಂದ 1,500, ಗಂಡಸರಿಗೆ 1,500ರಿಂದ 1,800ಕ್ಕೆ ಬಂದು ನಿಲ್ಲುತ್ತದೆ. ದಿನಕ್ಕೆ 800ರಿಂದ 1,200 ಕ್ಯಾಲರಿಯದು ಕಡಿಮೆ ಕ್ಯಾಲರಿಯ ಕ್ರಮ. 800ಕ್ಕೂ ಕೆಳಗಿನದು ಅತಿ ಕಡಿಮೆ ಕ್ಯಾಲರಿಯ ಕ್ರಮ. ಇದನ್ನು ಸಾಮಾನ್ಯವಾಗಿ ಜೀವಸತ್ವ, ಖನಿಜ, ಪ್ರೋಟೀನ್ ಸೇರಿಸಿ ತಯಾರಿಸಿದ ಶೇಕ್ ಅಥವಾ ಸೂಪಿನ ಪೊಟ್ಟಣಗಳಿಂದ ಮಾಡಿಸುತ್ತಾರೆ. ಅಷ್ಟು ಕಡಿಮೆ ಅನ್ನ–ಸಾರಿನಲ್ಲಿ ದೇಹಕ್ಕೆ ಬೇಕಾದ ಪೋಷಕಾಂಶಗಳನ್ನು ತುಂಬುವುದು ಹೆಚ್ಚುಕಡಿಮೆ ಅಸಾಧ್ಯ.

ಈ ಕೊನೆಯ ಮಟ್ಟಕ್ಕೆ ಒಂದು ಕಹಿ ಇತಿಹಾಸವಿದೆ. 1970ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ದ್ರವರೂಪದ ಪ್ರೋಟೀನ್ ಕುಡಿದು ಉಪವಾಸ ಮಾಡುವ ಕ್ರಮ ಹುಚ್ಚಿನಂತೆ ಹಬ್ಬಿತು. ಆ ಪ್ರೋಟೀನನ್ನು ಪ್ರಾಣಿಗಳ ಚರ್ಮ, ಸ್ನಾಯುರಜ್ಜುಗಳಿಂದ ತೆಗೆಯುತ್ತಿದ್ದರು. ಅದರ ಗುಣಮಟ್ಟ ತೀರಾ ಕಳಪೆ. ಹೃದಯದ ಲಯ ತಪ್ಪಿ ಹತ್ತಾರು ಮಂದಿ ಸತ್ತರು. ಇಂದಿನ ಶೇಕ್‌ಗಳು ಆ ಪಾಠ ಕಲಿತ ನಂತರ ಬಂದವು, ಆದರೂ 800 ಕ್ಯಾಲರಿಯ ಕ್ರಮವನ್ನು ವೈದ್ಯರ ನಿಗಾ ಇಲ್ಲದೆ ಮಾಡಬಾರದು ಎಂಬ ನಿಯಮಕ್ಕೆ ಈ ಸಾವುಗಳೂ ಒಂದು ಕಾರಣ.

ನಿಧಾನವಾಗಿ ಇಳಿಸಿದರೆ ಮಾತ್ರ ಉಳಿಯುತ್ತದೆ, ಬೇಗ ಇಳಿದದ್ದು ಬೇಗ ಏರುತ್ತದೆ ಎಂಬ ಮಾತನ್ನು ಎಲ್ಲರೂ ಕೇಳಿದ್ದೇವೆ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇದನ್ನೇ ಪರೀಕ್ಷೆಗಿಟ್ಟರು. ಫಲಿತಾಂಶ ಪ್ರಕಟವಾದದ್ದು 2014ರಲ್ಲಿ. ಸುಮಾರು ಇನ್ನೂರು ಮಂದಿಯನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 450ರಿಂದ 800 ಕ್ಯಾಲರಿಯ ಕ್ರಮವನ್ನು 12 ವಾರ, ಇನ್ನೊಂದಕ್ಕೆ ದಿನಕ್ಕೆ 400ರಿಂದ 500 ಕ್ಯಾಲರಿ ಕಡಿತದ ಕ್ರಮವನ್ನು 36 ವಾರ ಕೊಟ್ಟರು. ದೇಹದ ತೂಕದ ಶೇ 12.5 ಇಳಿಸುವುದು ಗುರಿ. ವೇಗದ ಗುಂಪಿನಲ್ಲಿ ನೂರಕ್ಕೆ 81 ಮಂದಿ ಗುರಿ ಮುಟ್ಟಿದರು, ನಿಧಾನದ ಗುಂಪಿನಲ್ಲಿ 50 ಮಂದಿ. ಗುರಿ ಮುಟ್ಟಿದವರನ್ನು ಮುಂದೆ ಸುಮಾರು ಮೂರು ವರ್ಷ ಗಮನಿಸಿದಾಗ ಎರಡೂ ಗುಂಪಿನವರಿಗೆ ಇಳಿದ ತೂಕದ ಶೇ 70ರಷ್ಟು ಮರಳಿ ಬಂದಿತ್ತು. ವೇಗ ಅಥವಾ ನಿಧಾನ, ಮರಳಿ ಬರುವ ತೂಕವನ್ನು ಎರಡೂ ತಡೆಯಲಿಲ್ಲ.

ವೇಗದ ಕ್ರಮದ ಹೆಚ್ಚು ಹೆಸರುವಾಸಿಯಾದ ಪರೀಕ್ಷೆ ಬ್ರಿಟನ್ನಿನ ‘ಡೈರೆಕ್ಟ್’. ಪ್ರೊಫೆಸರ್ ಮೈಕ್ ಲೀನ್ ಮತ್ತು ರಾಯ್ ಟೇಲರ್ ನೇತೃತ್ವದಲ್ಲಿ ನಡೆದ ಇದರ ಮೊದಲ ಫಲಿತಾಂಶ 2017ರ ಡಿಸೆಂಬರ್‌ನಲ್ಲಿ ಬಂತು. ಟೈಪ್ 2 ಮಧುಮೇಹ ಬಂದು ಆರು ವರ್ಷದೊಳಗಿನ 306 ಮಂದಿ ಇದರಲ್ಲಿದ್ದರು. ಅರ್ಧದಷ್ಟು ಜನರಿಗೆ ದಿನಕ್ಕೆ ಸುಮಾರು 850 ಕ್ಯಾಲರಿಯ ಶೇಕ್ ಮತ್ತು ಸೂಪು ಮಾತ್ರ, ಮೂರರಿಂದ ಐದು ತಿಂಗಳು. ಮಧುಮೇಹದ ಮಾತ್ರೆಗಳನ್ನು ಮೊದಲ ದಿನವೇ ನಿಲ್ಲಿಸಿದರು. ಆಮೇಲೆ ಕೆಲವು ವಾರಗಳಲ್ಲಿ ಮಾಮೂಲಿ ಊಟವನ್ನು ಹಂತಹಂತವಾಗಿ ಮರಳಿಸಿದರು. ವರ್ಷದ ಕೊನೆಗೆ ಈ ಗುಂಪು ಸರಾಸರಿ 10 ಕಿಲೋ ಇಳಿದಿತ್ತು, ನೂರಕ್ಕೆ 46 ಮಂದಿಯ ಮಧುಮೇಹ ಔಷಧವಿಲ್ಲದೆಯೇ ಹಿಡಿತಕ್ಕೆ ಬಂದಿತ್ತು. ಎರಡು ವರ್ಷಕ್ಕೆ ಆ ಸಂಖ್ಯೆ 36ಕ್ಕೆ ಇಳಿಯಿತು. ಹೊಸದಾಗಿ ಸಕ್ಕರೆ ಕಾಯಿಲೆ ಕಂಡವರಿಗೆ ಇದು ದೊಡ್ಡ ಭರವಸೆ. ಒಂದನ್ನು ಮರೆಯಬಾರದು: ಇದು ನಡೆದದ್ದು ತರಬೇತಾದ ದಾದಿಯರು ಮತ್ತು ಆಹಾರತಜ್ಞರ ನಿರಂತರ ಭೇಟಿಯೊಂದಿಗೆ. ಆನ್‌ಲೈನಿನಲ್ಲಿ ಶೇಕ್ ಡಬ್ಬಿ ತರಿಸಿಕೊಂಡು ಒಬ್ಬರೇ ಶುರು ಮಾಡುವುದಕ್ಕೂ ಇದಕ್ಕೂ ಹೋಲಿಕೆಯಿಲ್ಲ.

ವೇಗಕ್ಕೆ ಬೆಲೆಯೂ ಇದೆ. ಸಿಡ್ನಿಯಲ್ಲಿ ಮುಟ್ಟು ನಿಂತ 101 ಹೆಂಗಸರ ಮೇಲೆ ನಡೆದ ಪರೀಕ್ಷೆಯಲ್ಲಿ ತೀವ್ರ ಕಡಿತದವರು ಮಧ್ಯಮ ಕಡಿತದವರಿಗಿಂತ ಹೆಚ್ಚು ಕೊಬ್ಬು ಕಳೆದುಕೊಂಡರು. ಅವರ ಸೊಂಟದ ಮೂಳೆಯ ಸಾಂದ್ರತೆಯೂ ಹೆಚ್ಚು ಕುಸಿದಿತ್ತು. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ಇಳಿಯುವವರಲ್ಲಿ ಪಿತ್ತಕೋಶದ ಕಲ್ಲಿನ ಸಾಧ್ಯತೆ ಏರುತ್ತದೆ. ತಲೆಸುತ್ತು, ಮಲಬದ್ಧತೆ, ಕೆಲವರಿಗೆ ತಾತ್ಕಾಲಿಕವಾಗಿ ಕೂದಲುದುರುವಿಕೆ.

ಯಾವುದನ್ನು ಬಿಡಬೇಕು: ಅನ್ನವೋ, ಎಣ್ಣೆಯೋ

ಅತಿ ಹೆಚ್ಚು ಜಗಳ ನಡೆದಿರುವುದು ಈ ಪ್ರಶ್ನೆಯ ಮೇಲೆ. ಉತ್ತರ ಮಾತ್ರ ಜಗಳದಷ್ಟು ರೋಚಕವಾಗಿಲ್ಲ. 2009ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 811 ಮಂದಿಗೆ ನಾಲ್ಕು ಬಗೆಯ ಊಟಕ್ರಮ ಹಂಚಿದರು. ಎಲ್ಲದರಲ್ಲೂ ದಿನಕ್ಕೆ 750 ಕ್ಯಾಲರಿಯ ಕಡಿತ, ಕೊಬ್ಬು, ಪ್ರೋಟೀನ್, ಶರ್ಕರಪಿಷ್ಟದ ಪಾಲು ಮಾತ್ರ ಬೇರೆ ಬೇರೆ. ಆರು ತಿಂಗಳಿಗೆ ಸರಾಸರಿ 6 ಕಿಲೋ ಇಳಿಯಿತು, ಎರಡು ವರ್ಷಕ್ಕೆ 4 ಕಿಲೋ ಉಳಿಯಿತು. ನಾಲ್ಕರ ನಡುವೆ ಹೇಳಿಕೊಳ್ಳುವ ವ್ಯತ್ಯಾಸವಿರಲಿಲ್ಲ. ಸಲಹೆಗಾರರ ಭೇಟಿಗೆ ತಪ್ಪದೆ ಬಂದವರು ಹೆಚ್ಚು ಇಳಿದಿದ್ದರು. 2018ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಕ್ರಿಸ್ಟೋಫರ್ ಗಾರ್ಡನರ್ ತಂಡ 609 ಮಂದಿಯಲ್ಲಿ ಕಡಿಮೆ ಕೊಬ್ಬು ಮತ್ತು ಕಡಿಮೆ ಶರ್ಕರಪಿಷ್ಟದ ಕ್ರಮಗಳನ್ನು ಹೋಲಿಸಿತು. ಒಂದು ವರ್ಷದಲ್ಲಿ ಮೊದಲಿನದರಲ್ಲಿ 5.3 ಕಿಲೋ, ಎರಡನೆಯದರಲ್ಲಿ 6 ಕಿಲೋ. ಈ ಅಂತರ ಅಂಕಿಅಂಶದ ದೃಷ್ಟಿಯಿಂದ ಲೆಕ್ಕಕ್ಕಿಲ್ಲದ್ದು. ಎರಡೂ ಗುಂಪಿನ ಒಳಗೆ ಮಾತ್ರ ಅಪಾರ ವ್ಯತ್ಯಾಸ: ಕೆಲವರು 25 ಕಿಲೋಗೂ ಹೆಚ್ಚು ಇಳಿದಿದ್ದರು, ಕೆಲವರು ಏರಿದ್ದರು.

ಆದ್ದರಿಂದ ಪಕ್ಕದ ಮನೆಯವರಿಗೆ ಒಗ್ಗಿದ್ದು ನಮಗೂ ಒಗ್ಗಬೇಕಿಲ್ಲ. ಹಾಗಿದ್ದರೂ ಭಾರತದ ತಟ್ಟೆಯ ಮಟ್ಟಿಗೆ ಒಂದು ಮಾತು ಹೇಳಬಹುದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯ 2025ರ ವರದಿಯಂತೆ ನಮ್ಮ ದಿನದ ಕ್ಯಾಲರಿಯಲ್ಲಿ ಶೇ 62ರಷ್ಟು ಶರ್ಕರಪಿಷ್ಟದಿಂದ ಬರುತ್ತದೆ, ಪ್ರೋಟೀನಿನಿಂದ ಶೇ 12 ಮಾತ್ರ. ಇಷ್ಟು ಅನ್ನ–ರೊಟ್ಟಿ ತಿನ್ನುವವರು ಕಡಿತವನ್ನು ಅಲ್ಲಿಂದ ಶುರು ಮಾಡುವುದು ಸಹಜ. ಅದಕ್ಕಾಗಿ ಕೀಟೊ ಮಟ್ಟಕ್ಕೆ, ಅಂದರೆ ದಿನಕ್ಕೆ 50 ಗ್ರಾಂ ಶರ್ಕರಪಿಷ್ಟಕ್ಕಿಂತ ಕೆಳಗೆ, ಇಳಿಯಬೇಕಾಗಿಲ್ಲ. ಮೊಟ್ಟೆ, ಮಾಂಸ ತಿನ್ನದವರಿಗೆ ಆ ಮಟ್ಟದಲ್ಲಿ ಬದುಕುವುದು ಬಹಳ ಕಷ್ಟ: ಬೇಳೆ, ಕಾಳು, ಹಣ್ಣು, ಹಾಲು ಎಲ್ಲದರಲ್ಲೂ ಶರ್ಕರಪಿಷ್ಟವಿದೆ.

ಯಾವಾಗ ತಿನ್ನಬೇಕು: ಉಪವಾಸದ ಕ್ರಮಗಳು

ಹದಿನಾರು ಗಂಟೆ ಉಪವಾಸವಿದ್ದು ಎಂಟು ಗಂಟೆಯೊಳಗೆ ದಿನದ ಊಟ ಮುಗಿಸುವುದು 16:8. ವಾರದಲ್ಲಿ ಐದು ದಿನ ಮಾಮೂಲಿ ಊಟ, ಎರಡು ದಿನ 500–600 ಕ್ಯಾಲರಿ ಮಾತ್ರ ತಿನ್ನುವುದು 5:2. ದಿನ ಬಿಟ್ಟು ದಿನ ಉಪವಾಸ ಮಾಡುವುದು ಮೂರನೆಯದು.

ಗಡಿಯಾರಕ್ಕೆ ತನ್ನದೇ ಆದ ಶಕ್ತಿಯಿದೆಯೇ ಎಂದು ಚೀನಾದ ಗುವಾಂಗ್‌ಝೌನಲ್ಲಿ 139 ಮಂದಿಯಲ್ಲಿ ಪರೀಕ್ಷಿಸಿದರು. ಎಲ್ಲರಿಗೂ ಒಂದೇ ಕ್ಯಾಲರಿ ಮಿತಿ. ಅರ್ಧ ಜನ ಬೆಳಿಗ್ಗೆ 8ರಿಂದ ಸಂಜೆ 4ರೊಳಗೆ ಮಾತ್ರ ತಿನ್ನಬೇಕು, ಉಳಿದವರು ಯಾವಾಗ ಬೇಕಾದರೂ ತಿನ್ನಬಹುದು. 2022ರಲ್ಲಿ ಬಂದ ಫಲಿತಾಂಶದಲ್ಲಿ ವರ್ಷದ ಇಳಿಕೆ 8 ಕಿಲೋ ಮತ್ತು 6.3 ಕಿಲೋ. ಈ ವ್ಯತ್ಯಾಸ ಆಕಸ್ಮಿಕವೂ ಆಗಿರಬಹುದಾದಷ್ಟು ಸಣ್ಣದು ಎಂದು ಸಂಶೋಧಕರು ತೀರ್ಮಾನಿಸಿದರು. ದಿನ ಬಿಟ್ಟು ದಿನದ ಉಪವಾಸವನ್ನು ಅಮೆರಿಕದಲ್ಲಿ ನೂರು ಮಂದಿಯ ಮೇಲೆ ಒಂದು ವರ್ಷ ಪರೀಕ್ಷಿಸಿದಾಗಲೂ ದಿನವೂ ಸ್ವಲ್ಪ ಕಡಿಮೆ ತಿಂದವರಿಗಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಉಪವಾಸದ ಗುಂಪಿನಿಂದ ಅರ್ಧದಲ್ಲೇ ಹೊರಹೋದವರು ಮಾತ್ರ ಹೆಚ್ಚಿದ್ದರು.

ಹಾಗೆಂದು ಇವು ನಿಷ್ಪ್ರಯೋಜಕವೇನಲ್ಲ. ಕೆಲವರಿಗೆ ತಟ್ಟೆಯ ಮುಂದೆ ಕುಳಿತು ಕಡಿಮೆ ಬಡಿಸಿಕೊಳ್ಳುವುದಕ್ಕಿಂತ ಒಂದು ಹೊತ್ತಿನ ತಟ್ಟೆಯನ್ನೇ ಬಿಡುವುದು ಸುಲಭ. ರಾತ್ರಿ ಎಂಟರ ಮೇಲೆ ಅಡುಗೆಮನೆ ಕಡೆ ಸುಳಿಯುವುದಿಲ್ಲ ಎಂಬ ಒಂದೇ ನಿಯಮದಿಂದ ಟಿವಿ ಮುಂದಿನ ಚಿಪ್ಸು, ಖಾರ ಎಲ್ಲ ನಿಂತುಹೋಗುತ್ತವೆ. ಒಪ್ಪೊತ್ತು, ಏಕಾದಶಿ ಮಾಡಿ ಅಭ್ಯಾಸವಿರುವವರಿಗೆ 5:2 ಹೊಸದೆನಿಸುವುದಿಲ್ಲ. ಏಕಾದಶಿಯ ದಿನ ಅನ್ನದ ಬದಲು ಸಬ್ಬಕ್ಕಿ ವಡೆ, ಅವಲಕ್ಕಿ, ಬಾಳೆಹಣ್ಣಿನ ರಸಾಯನ ಬಂದರೆ ಕ್ಯಾಲರಿಯ ಲೆಕ್ಕದಲ್ಲಿ ಅದು ಉಪವಾಸವಲ್ಲ, ಅಷ್ಟೇ.

ನಮ್ಮ ಅಡುಗೆಮನೆಯಲ್ಲಿ ಕಡಿತ ಎಲ್ಲಿ ಸಿಗುತ್ತದೆ

ತೂಕ ಇಳಿಸಲು ಅನ್ನ ಬಿಟ್ಟು ಮುದ್ದೆ ಹಿಡಿದವರು ಬಹಳ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ, ಅಷ್ಟೇ ಅಕ್ಕಿಗೆ ಸುಮಾರು 355. ಅಂತರ ಸಣ್ಣದು. ನಾರಿನಂಶ ಮಾತ್ರ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಂಗೂ ಕಡಿಮೆ. ಹೊಟ್ಟೆ ತುಂಬಿದಂತೆ ಹೆಚ್ಚು ಹೊತ್ತು ಇರಿಸುವುದು ಈ ನಾರು. ರಾಗಿ ಒಳ್ಳೆಯದು, ಆದರೆ ಎರಡು ದೊಡ್ಡ ಮುದ್ದೆ ನುಂಗಿದರೆ ಕಡಿತವೆಲ್ಲಿಂದ ಬರಬೇಕು?

ಕಣ್ಣಿಗೆ ಬೀಳದೆ ಕ್ಯಾಲರಿ ಸೇರುವುದು ಒಗ್ಗರಣೆಯಲ್ಲಿ. ಬಾಣಲೆ ಕಾಯುತ್ತಿರುವಾಗ ಕ್ಯಾನಿನಿಂದ ನೇರವಾಗಿ ಸುರಿಯುವ ಎಣ್ಣೆಯನ್ನು ಒಮ್ಮೆ ಚಮಚದಲ್ಲಿ ಅಳೆದು ನೋಡಿ. ಒಂದು ಟೀ ಚಮಚಕ್ಕೆ 45 ಕ್ಯಾಲರಿ. ಸಾಸಿವೆ ಸಿಡಿಯಲು ಒಂದು ಚಮಚ ಸಾಕು, ಕೈ ಅಳತೆಯಲ್ಲಿ ಬೀಳುವುದು ನಾಲ್ಕೈದು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ನಾಲ್ಕು ಲೀಟರ್ ಖರ್ಚಾದರೆ ತಲೆಗೆ ದಿನಕ್ಕೆ 270 ಕ್ಯಾಲರಿ ಎಣ್ಣೆಯಿಂದಲೇ ಬಂತು. ಅದನ್ನು ಎರಡೂವರೆ ಲೀಟರಿಗೆ ತಂದರೆ ಪ್ರತಿಯೊಬ್ಬರಿಗೂ ನೂರು ಕ್ಯಾಲರಿ ಉಳಿಯುತ್ತದೆ. ನಾಲ್ಕು ಲೋಟ ಕಾಫಿಗೆ ಎರಡೆರಡು ಚಮಚ ಸಕ್ಕರೆ ಹಾಕುವವರು ಒಂದೊಂದಕ್ಕೆ ಇಳಿದರೆ 80. ಮೂರು ಹೊತ್ತಿನಲ್ಲಿ ಒಂದು ಹೊತ್ತು ನೂರು ಗ್ರಾಂ ಅಕ್ಕಿಯ ಅನ್ನವನ್ನು ಅರುವತ್ತಕ್ಕೆ ತಂದರೆ 140. ಸಂಜೆಯ ಐವತ್ತು ಗ್ರಾಂ ಕರಿದ ಮಿಕ್ಸ್ಚರ್ ಬಿಟ್ಟರೆ ಸುಮಾರು 250. ಎಲ್ಲ ಸೇರಿ 500 ದಾಟಿತು. ಇದಕ್ಕೆ ಯಾವ ಹೆಸರೂ ಇಲ್ಲ, ಶುಲ್ಕವೂ ಇಲ್ಲ. ಆದರೆ ಮಧ್ಯಮ ಕಡಿತದಿಂದ ಆರಂಭಿಸುವ ಹೆಚ್ಚಿನ ಜನರಿಗೆ ನಾನು ಮೊದಲು ತೋರಿಸುವ ದಾರಿ ಇದೇ, ಯಾಕೆಂದರೆ ಮನೆಯವರೆಲ್ಲರ ಜೊತೆ ಕುಳಿತು ಅದೇ ಊಟ ಮಾಡಬಹುದು.

ಪ್ರೋಟೀನನ್ನು ಮಾತ್ರ ಕಡಿಮೆ ಮಾಡಬಾರದು, ಹೆಚ್ಚಿಸಬೇಕು. ಕ್ಯಾಲರಿ ಕೊರತೆಯಲ್ಲಿರುವ ದೇಹ ಕೊಬ್ಬಿನ ಜೊತೆ ಸ್ನಾಯುವನ್ನೂ ಕರಗಿಸುತ್ತದೆ. ಸಾಕಷ್ಟು ಪ್ರೋಟೀನ್ ಮತ್ತು ಭಾರ ಎತ್ತುವ ವ್ಯಾಯಾಮ ಇದನ್ನು ಮಿತಿಯಲ್ಲಿಡುತ್ತವೆ. ಸಾಮಾನ್ಯ ದಿನಗಳಿಗೆ ನಮ್ಮ ದೇಶದ ಶಿಫಾರಸು ಕಿಲೋ ದೇಹತೂಕಕ್ಕೆ 0.83 ಗ್ರಾಂ. ತೂಕ ಇಳಿಸುವಾಗ 1ರಿಂದ 1.2 ಗ್ರಾಂ ಇರಲಿ ಎನ್ನುತ್ತಾರೆ. ತಿಳಿಸಾರಿನಿಂದ ಇದು ಸಿಗದು. 30 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆಯಲ್ಲಿ ಆರೇಳು ಗ್ರಾಂ, ಒಂದು ಮೊಟ್ಟೆಯಲ್ಲಿ 6, ನೂರು ಗ್ರಾಂ ಮೀನಿನಲ್ಲಿ ಸುಮಾರು 20, ಒಂದು ಬಟ್ಟಲು ಮೊಸರಿನಲ್ಲಿ ನಾಲ್ಕೈದು. ಹುರುಳಿ, ಅವರೆ, ಹೆಸರುಕಾಳಿನ ಉಸಲಿ, ಕೋಸಂಬರಿ ನಮ್ಮಲ್ಲಿ ಮೊದಲಿನಿಂದಲೂ ಇವೆ. ಎಲೆಯ ತುದಿಯಿಂದ ಅವನ್ನು ನಡುವಿಗೆ ತರುವುದಷ್ಟೇ ಉಳಿದಿರುವ ಕೆಲಸ.

ಯಾರು ವೈದ್ಯರನ್ನು ಕೇಳದೆ ಶುರು ಮಾಡಬಾರದು

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಕ್ಯಾಲರಿ ಕಡಿತದ ಯಾವ ಕ್ರಮವನ್ನೂ ತಾವಾಗಿಯೇ ಹಿಡಿಯಬಾರದು. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರು ಔಷಧದ ಪ್ರಮಾಣ ಬದಲಿಸದೆ ಊಟ ಕಡಿಮೆ ಮಾಡಿದರೆ ರಕ್ತದ ಸಕ್ಕರೆ ಅಪಾಯಕಾರಿ ಮಟ್ಟಕ್ಕೆ ಕುಸಿಯಬಹುದು. ಮಧುಮೇಹಕ್ಕೆ ಕೊಡುವ ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮಾತ್ರೆಯ ಮೇಲಿರುವವರು ಕೀಟೊ ಅಥವಾ ದೀರ್ಘ ಉಪವಾಸ ಮಾಡಿದರೆ ರಕ್ತ ಆಮ್ಲೀಯವಾಗುವ ಕೀಟೊಆಸಿಡೋಸಿಸ್ ಎಂಬ ತುರ್ತು ಸ್ಥಿತಿ ಬರಬಹುದು, ಅದೂ ಸಕ್ಕರೆ ಅಷ್ಟೇನೂ ಏರದೆ. ರಕ್ತದೊತ್ತಡದ ಮಾತ್ರೆಯನ್ನೂ ತೂಕ ಇಳಿದಂತೆ ಕಡಿಮೆ ಮಾಡಬೇಕಾಗುತ್ತದೆ. ಎದ್ದು ನಿಂತಾಗ ಕಣ್ಣು ಕತ್ತಲಾಗುವುದು ಅದರ ಸೂಚನೆ. ಮೂತ್ರಪಿಂಡದ ಕಾಯಿಲೆ, ಗೌಟ್, ಪಿತ್ತಕೋಶದ ಕಲ್ಲು ಇರುವವರು, ಹಿಂದೆ ಊಟದ ವಿಷಯದಲ್ಲಿ ಮಾನಸಿಕ ತೊಂದರೆ ಅನುಭವಿಸಿದವರು, ಅರುವತ್ತೈದು ದಾಟಿದವರು ಕೂಡ ಮೊದಲು ವೈದ್ಯರ ಬಳಿ ಹೋಗಬೇಕು.

ಇಳಿದ ಮೇಲಿನ ಕೆಲಸ

ಊಟಕ್ರಮಗಳ ಜಾಹೀರಾತಿನಲ್ಲಿ ಎಂದೂ ಕಾಣದ ಭಾಗ ಇದು. 2011ರಲ್ಲಿ ಮೆಲ್ಬರ್ನ್‌ನ ಸಂಶೋಧಕರು 50 ಮಂದಿಗೆ ಹತ್ತು ವಾರ ಅತಿ ಕಡಿಮೆ ಕ್ಯಾಲರಿಯ ಕ್ರಮ ಕೊಟ್ಟು ಅವರ ರಕ್ತದಲ್ಲಿನ ಹಸಿವಿನ ಹಾರ್ಮೋನುಗಳನ್ನು ಅಳೆದರು. ಹೊಟ್ಟೆ ತುಂಬಿತೆಂದು ಹೇಳುವ ಲೆಪ್ಟಿನ್ ಇಳಿದಿತ್ತು, ಹಸಿವೆ ಕೆರಳಿಸುವ ಗ್ರೆಲಿನ್ ಏರಿತ್ತು. ವರ್ಷ ಕಳೆದ ಮೇಲೂ ಅವು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ತೂಕ ಇಳಿಸಿದವರು ಹೆಚ್ಚು ಹಸಿವೆ ಎನ್ನುವುದು ನಾಲಿಗೆಯ ಚಪಲವಲ್ಲ, ದೇಹ ಕಳೆದುಕೊಂಡದ್ದನ್ನು ಮರಳಿ ಕೇಳುತ್ತಿರುತ್ತದೆ. ಅವರನ್ನು ಹಂಗಿಸುವ ಬಂಧುಗಳಿಗೆ ಇಷ್ಟು ತಿಳಿದಿದ್ದರೆ ಒಳ್ಳೆಯದು.

ಅದಕ್ಕಾಗಿ ಕಡಿತದ ಮೂರು ತಿಂಗಳಿಗೆ ಯೋಜನೆ ಹಾಕುವಾಗಲೇ ನಾಲ್ಕನೇ ತಿಂಗಳಿನ ಊಟ ಏನು ಎಂಬುದನ್ನೂ ಬರೆದುಕೊಳ್ಳಬೇಕು. ಇಳಿಸಿದ ತೂಕವನ್ನು ವರ್ಷಗಟ್ಟಲೆ ಉಳಿಸಿಕೊಂಡವರ ಹೆಸರುಗಳನ್ನು 1994ರಿಂದ ದಾಖಲಿಸುತ್ತಿರುವ ಒಂದು ನೋಂದಣಿ ಅಮೆರಿಕದಲ್ಲಿದೆ. ಅವರಲ್ಲಿ ಹೆಚ್ಚಿನವರು ವಾರಕ್ಕೊಮ್ಮೆಯಾದರೂ ತೂಕ ನೋಡಿಕೊಳ್ಳುತ್ತಾರೆ, ದಿನಕ್ಕೆ ಸುಮಾರು ಒಂದು ಗಂಟೆ ನಡಿಗೆಯಂಥ ಚಟುವಟಿಕೆ ಮಾಡುತ್ತಾರೆ. ತೂಕ ಇಳಿಸುವುದರಲ್ಲಿ ವ್ಯಾಯಾಮದ ಪಾಲು ಸಣ್ಣದು, ಉಳಿಸಿಕೊಳ್ಳುವುದರಲ್ಲಿ ದೊಡ್ಡದು.

ಡೈರೆಕ್ಟ್ ಪರೀಕ್ಷೆಯವರು ಇದಕ್ಕೆ ಒಂದು ನಿಯಮ ಮಾಡಿಕೊಂಡಿದ್ದರು. ತೂಕ ಎರಡು ಕಿಲೋಗಿಂತ ಹೆಚ್ಚು ಮರಳಿ ಬಂದ ಕೂಡಲೇ ಎರಡರಿಂದ ನಾಲ್ಕು ವಾರ ಮತ್ತೆ ಶೇಕ್ ಕೊಡುವುದು, ಆಮೇಲೆ ನಿಧಾನವಾಗಿ ಊಟಕ್ಕೆ ಮರಳುವುದು. ಐದು ವರ್ಷದವರೆಗೂ ಸಂಪರ್ಕದಲ್ಲಿ ಉಳಿದವರ ತೂಕ ಆರಂಭಕ್ಕಿಂತ ಸರಾಸರಿ 6 ಕಿಲೋ ಕಡಿಮೆ ಇತ್ತು. ಶೇಕ್ ಬೇಡವೆನ್ನುವವರು ಇದೇ ನಿಯಮವನ್ನು ತಮ್ಮ ಅಳತೆಯ ಚಮಚ, ಅಕ್ಕಿಯ ಪಾವು, ಸಂಜೆಯ ತಿಂಡಿಗೆ ಅನ್ವಯಿಸಿಕೊಳ್ಳಬಹುದು: ಎರಡು ಕಿಲೋ ಏರಿದ ವಾರವೇ ಹಳೆಯ ಕಡಿತಕ್ಕೆ ಮರಳುವುದು, ಹತ್ತು ಕಿಲೋ ಏರುವವರೆಗೆ ಕಾಯದಿರುವುದು.